ಮಿಡತೆ ಬೇಸಿಕ್ ಅರಸೀಕೆರೆಗೆ ದಂಡೆತ್ತಿ ಹೋದ ವೃತ್ತಾಂತ

ಎಲ್ಲರೂ ಮೊದಲು ವಿಘ್ನೇಶ್ವರನನ್ನು ನೆನೆಯುತ್ತಾರೆ. ಈ ಕಥೆಯಲ್ಲಿ ನೆನೆಯಬೇಕಾದದ್ದು ವಿಘ್ನಗಳನ್ನೇ, ಏಕೆಂದರೆ ಅವುಗಳನ್ನು ಬಿಟ್ಟರೆ ಇಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಜಂಗಮವಾಣಿಗಳು ಮನುಕುಲದ ಅಂಗೈಗಳನ್ನೆಲ್ಲ ಗೆದ್ದು ಕಣ್ಣುಗಳನ್ನು ಕಪ್ಪವಾಗಿ ಪಡೆಯುತ್ತಿದ್ದ ಈ ಕಲಿಯುಗದಲ್ಲಿ, ತಿಪಟೂರಿನ ಪಾಲಿಟೆಕ್ನಿಕ್ಕೊಂದರ ಗಣಕಶಾಲಾಧಿಪತಿಯೂ, ಹದಿನೆಂಟು ವೃದ್ಧಯಂತ್ರಗಳ ಪರಿಪಾಲಕನೂ, ಸಿಕ್ಕಿಬಿದ್ದ ಪ್ರಿಂಟರ್ ಕಾಗದಗಳ ಉದ್ಧಾರಕನೂ ಆದ ಮರುಳಸಿದ್ಧಪ್ಪನೆಂಬ ಲ್ಯಾಬ್ ಇನ್‌ಸ್ಟ್ರಕ್ಟರು ಇದ್ದನು.

ಆ ವೀರನ ದಿವ್ಯಾಸ್ತ್ರ ಮಿಡತೆ ಬೇಸಿಕ್. ಯಾವನೋ ದೂರದೇಶದ ಹವ್ಯಾಸಿ ಆಟಗಳನ್ನು ಬರೆಯಲೆಂದು ತನ್ನ ರಜಾದಿನಗಳಲ್ಲಿ ಹೆತ್ತು, ಆಮೇಲೆ ಮದುವೆಯಾಗಿ ಮರೆತೇಬಿಟ್ಟ ಭಾಷೆಯದು. ಲಾಂಛನದಲ್ಲೊಂದು ಹಸಿರು ಮಿಡತೆ ಇದ್ದುದರಿಂದ ಆ ಹೆಸರು. ಹೆಸರು ಮಿಡತೆಯಾದರೂ ಹಾರುವುದು ಅದಕ್ಕೆ ಒಗ್ಗದು. ವಿಂಡೋಸ್ ಒಂದರ ಮೇಲಲ್ಲದೆ ಬೇರೆಲ್ಲೂ ಕಾಲೂರದು. ಮ್ಯಾಕ್ ಎಂದರೆ ಮೈಲಿಗೆ, ಲಿನಕ್ಸ್ ಎಂದರೆ ಮೂರ್ಛೆ, ಫೋನೆಂಬುದೊಂದು ಉಂಟೆಂಬ ಸುದ್ದಿಯೇ ಅದಕ್ಕೆ ಮುಟ್ಟಿರಲಿಲ್ಲ. ತೆರೆಯ ಮೇಲೆ ಒಮ್ಮೆಗೆ ಮೂವತ್ತೆರಡೇ ಚಿತ್ರ. ಒಂದು ಸದ್ದು ಮುಗಿಯುವ ತನಕ ಇನ್ನೊಂದು ಬಾಗಿಲಲ್ಲಿ ಕಾಯಬೇಕು. ಕನ್ನಡ ಬರೆದರೆ ಸಾಲಾಗಿ ಖಾಲಿ ಡಬ್ಬಿಗಳು ಮೂಡುತ್ತವೆ. ಕೈಪಿಡಿಯ ಕೊನೆಯ ಪುಟದಲ್ಲಿ ‘ಮಿತಿಗಳು’ ಎಂದು ಹನ್ನೆರಡು ಅಂಶಗಳಿದ್ದವು. ಬೇರೆಯವರು ದೇವರ ನಾಮ ಹೇಳುವ ಹೊತ್ತಿಗೆ ಮರುಳಸಿದ್ಧಪ್ಪ ಅವನ್ನು ಒಂದೂ ತಪ್ಪದೆ ಹೇಳಿಕೊಳ್ಳುತ್ತಿದ್ದನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನು ಹೆತ್ತವನೂ ಅಲ್ಲ.

ಹೀಗಿರಲು ಅರಸೀಕೆರೆಯಲ್ಲಿದ್ದ ಅವನ ಅಕ್ಕ ಶಿವಗಂಗಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್.

“ನೋವು ಹೆಂಗೋ ತಡ್ಕೊಬೋದು ಕಣೋ ಸಿದ್ದ,” ಎಂದಳು ಫೋನಿನಲ್ಲಿ. “ನೆಲಕ್ಕೆ ಕೂರಂಗಿಲ್ಲ. ಚೌಕಾಬಾರ ನಿಂತೋಯ್ತು. ಅದೇ ಸಂಕಟ.”

ನೆಲದ ಮೇಲೆ ಐದೈದು ಸಾಲು ಮನೆ ಬರೆದು, ನಾಲ್ಕು ಕವಡೆ ಎಸೆದು ಕಾಯಿ ನಡೆಸುವ ಆ ಆಟವಿಲ್ಲದೆ ಅವಳಿಗೆ ಮಧ್ಯಾಹ್ನವೆಂಬುದೇ ಇರಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಮರುಳಸಿದ್ಧಪ್ಪನಿಗೆ ಎಣಿಕೆ ಕಲಿಸಿದ್ದು ಆ ಅಕ್ಕನ ಕವಡೆಗಳೇ.

ಈ ದುಃಖವಾರ್ತೆಯನ್ನು ಕೇಳಿದ ತರುಣ ಉಪನ್ಯಾಸಕ ಫಾಲಾಕ್ಷ, “ಅಕ್ಕನ ಫೋನಿಗೆ ಒಂದು ಆ್ಯಪ್ ಹಾಕ್ಕೊಡಿ ಸಾರ್, ಹತ್ತು ನಿಮಿಷದ ಕೆಲಸ. ನಿಮ್ಮ ಮಿಡತೇಲಂತೂ ಆಗಲ್ಲ ಬಿಡಿ,” ಎಂದನು.

ಆಗ ನಮ್ಮ ನಾಯಕನು ಕುರ್ಚಿಯಿಂದೆದ್ದು, ಎಲವೋ ನಿನ್ನೆ ಮೊನ್ನೆಯ ಭಾಷೆಗಳ ಬಾಲಬಡುಕನೇ, ಅಕ್ಕನ ಪ್ಲಾಸ್ಟರ್ ಒಡೆಯುವ ಮುನ್ನ ಅವಳು ಮಿಡತೆ ಬೇಸಿಕ್ಕಿನಲ್ಲಿ ಚೌಕಾಬಾರವಾಡಿ ಮೆಚ್ಚದಿದ್ದರೆ ಹದಿನೆಂಟೂ ಯಂತ್ರಗಳಿಂದ ಈ ಭಾಷೆಯನ್ನು ನನ್ನ ಕೈಯಾರೆ ಅಳಿಸಿ, ನಿನ್ನ ಮುಂದೆ ಶಿಷ್ಯನಾಗಿ ಕೂರುವೆನೆಂದು ದಿಗ್ಗಜಗಳು ಬೆಚ್ಚುವಂತೆ ಗರ್ಜಿಸಿದನು. ಅವನ ಬಾಯಿಂದ ನಿಜವಾಗಿ ಬಂದದ್ದು, “ಆಗುತ್ತೆ ಫಾಲಾಕ್ಷ. ಆಗ್ಲಿಲ್ಲ ಅಂದ್ರೆ ಎಲ್ಲಾ ಅಳಿಸಿಹಾಕ್ತೀನಿ, ನೀನು ಹೇಳಿದ್ದೇ ಕಲೀತೀನಿ,” ಎಂಬಷ್ಟೇ. ಆದರೂ ಪಣಕ್ಕಿಟ್ಟದ್ದು ಹತ್ತೊಂಬತ್ತು ವರ್ಷದ ನಿಷ್ಠೆಯನ್ನು.

ಒಂಬತ್ತು ದಿನ ಘೋರಸಂಗ್ರಾಮ ನಡೆಯಿತು. ಮನೆಗಳು ಇಪ್ಪತ್ತೈದು, ನಾಲ್ವರ ಕಾಯಿಗಳು ಹದಿನಾರು, ಕವಡೆಗಳು ನಾಲ್ಕು. ಒಟ್ಟು ನಲವತ್ತೈದು ಚಿತ್ರಗಳ ಅಕ್ಷೌಹಿಣಿ ಬಂದು ನಿಂತರೆ ಮಿಡತೆಯ ಕೋಟೆಯಲ್ಲಿ ಜಾಗವಿದ್ದುದು ಮೂವತ್ತೆರಡಕ್ಕೆ. ಮರುಳಸಿದ್ಧಪ್ಪ ಮನೆಗಳನ್ನೆಲ್ಲ ಒಂದೇ ಚಿತ್ರವಾಗಿ ಬೆಸೆದು, ಅಷ್ಟಕ್ಕೇ ಜಾಗ ಸಾಕಾದರೂ ಎಚ್ಚರಿಕೆಗೆಂದು ಇಬ್ಬರು ಆಟಗಾರರನ್ನು ಆಟದಿಂದಲೇ ಗಡೀಪಾರು ಮಾಡಿದನು. ಇದನ್ನು ಅವನು ಯುದ್ಧತಂತ್ರವೆಂದನು, ಫಾಲಾಕ್ಷ ಗತಿಗೇಡೆಂದನು. ಕನ್ನಡ ಡಬ್ಬಿಯಾಗುತ್ತದೆಂದು ನಾಲ್ಕಕ್ಕೆ ‘ಚೌಕ’, ಎಂಟಕ್ಕೆ ‘ಬಾರ’ ಎಂಬ ಪದಗಳನ್ನೂ ಚಿತ್ರವಾಗಿ ಕೈಯಲ್ಲೇ ಬರೆದನು. ಉಳಿದದ್ದು ಫೋನೆಂಬ ಮಹಾಸಾಗರ. ಅದನ್ನು ದಾಟಲಾಗದೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಭಾಷೆ ಯಂತ್ರ ಬಿಟ್ಟು ಕದಲದಿದ್ದರೆ ಯಂತ್ರವನ್ನೇ ಕದಲಿಸಿದರಾಯಿತು.

ಅಂತೆಯೇ ಹತ್ತನೆಯ ದಿನ ತನ್ನ ಮನೆಯ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಗಂಟುಕಟ್ಟಿ, ಮಾನಿಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆ ಮಹಾರಥಿ ಪ್ಯಾಸೆಂಜರ್ ಗಾಡಿಯೇರಿದನು. “ರಿಪೇರಿಗಾ ಅಣ್ಣ?” ಎಂದು ಎದುರಿಗಿದ್ದವನು ಕೇಳಿದ್ದಕ್ಕೆ ಮಾನಿಟರನ್ನು ಇನ್ನಷ್ಟು ಅವುಚಿಕೊಂಡನು.

ಶಿವಗಂಗಮ್ಮನ ಕುರ್ಚಿಯ ಮುಂದೆ ಮೇಜು ಎಳೆದು ಯಂತ್ರ ಸ್ಥಾಪನೆಯಾಯಿತು. ಅವಳು ಆಡಿದಳು, ನಕ್ಕಳು. ಆಟ ಮುಚ್ಚಿ, ತೆಗೆದು, ಮತ್ತೆ ಆಡಿದಳು. ಮರುಳಸಿದ್ಧಪ್ಪ ಫಾಲಾಕ್ಷನ ಮುಖವನ್ನು ನೆನೆದು ಒಳಗೊಳಗೇ ಹಿಗ್ಗಿದನು. ಮೂರನೆಯ ಸಲ ಅಕ್ಕ ಗುಂಡಿ ಒತ್ತುವ ಮೊದಲೇ, “ಈಗ ಮೂರು,” ಎಂದಳು. ಮೂರು ಬಿತ್ತು. “ಈಗ ಬಾರ.” ಎಂಟು ಬಿತ್ತು.

“ಸಿದ್ದ, ನಿನ್ನ ಕವಡೆ ಬಾಯಿಪಾಠ ಮಾಡ್ಕೊಂಡು ಬಂದೈತೆ,” ಎಂದಳು.

ಕವಡೆಗಳನ್ನು ಕಲಕು ಎಂದು ಆಟದ ಆರಂಭದಲ್ಲೊಂದು ಸಾಲು ಬರೆದು ಹೇಳದಿದ್ದರೆ, ಮಿಡತೆ ಬೇಸಿಕ್ ಪ್ರತಿಸಲವೂ ಅವೇ ಅಂಕಿಗಳನ್ನು ಅದೇ ಕ್ರಮದಲ್ಲಿ ಉದುರಿಸುತ್ತದೆ. ಮಿತಿಗಳಲ್ಲಿ ಅದು ಏಳನೆಯದು. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಬಾಯಿ ಅದನ್ನು ಹೇಳಿತ್ತು, ಕಿವಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

“ಒಂದೇ ಸಾಲು ಅಕ್ಕ, ಒಂದು ನಿಮಿಷ, ಸರಿಮಾಡ್ತೀನಿ,” ಎಂದು ಕೀಬೋರ್ಡಿಗೆ ಕೈಚಾಚಿದನು. ಅಕ್ಕ ಅವನ ಕೈ ಹಿಡಿದಳು.

“ಮುಟ್ಬೇಡ. ಪಕ್ಕದ ಮನೆ ಸರ್ವಮಂಗಳ ಈಗ ಬರ್ತಾಳೆ. ಹನ್ನೊಂದು ವರ್ಷದಿಂದ ನನ್ನ ಕೈಲಿ ಅವಳನ್ನ ಸೋಲಿಸೋಕೆ ಆಗಿಲ್ಲ.” ತೆರೆಯ ಮೇಲಿನ ಕವಡೆಗಳನ್ನು ಪ್ರೀತಿಯಿಂದ ನೋಡಿದಳು. “ಇಂಥ ಆಟ ಯಾವ ಫೋನಲ್ಲೂ ಸಿಗಲ್ಲ ಕಣೋ.”

ಮಿಡತೆ ಬೇಸಿಕ್ಕನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಶಪಥ ಉಳಿಯಿತು, ಭಾಷೆ ಉಳಿಯಿತು. ಉಳಿಸಿದ್ದು ಅದರ ಏಳನೆಯ ದೋಷ. ಮರುಳಸಿದ್ಧಪ್ಪನಿಗೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಸರ್ವಮಂಗಳಮ್ಮ ಬಂದರು. ಮಾನಿಟರು, ವೈರುಗಳು, ಬೆಡ್‌ಶೀಟಿನ ಗಂಟು, ಎಲ್ಲವನ್ನೂ ಒಮ್ಮೆ ನೋಡಿದರು.

“ಇಷ್ಟೆಲ್ಲ ಯಾಕೆ ಹೊತ್ಕೊಂಡು ಬಂದ್ರಿ ಅಣ್ಣ? ಒಂದು ಮಣೆ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಈ ಮೇಜಿನ ಮೇಲಿಟ್ಟಿದ್ರೆ ಆಗ್ತಿತ್ತಲ್ಲ.”

ಹದಿನೆಂಟು ಯಂತ್ರಗಳ ಪರಿಪಾಲಕನು ಬೆಡ್‌ಶೀಟನ್ನು ಮಡಚತೊಡಗಿದನು.

“ಸೀಮೆಸುಣ್ಣ ಮುಗಿದೋಗೈತೆ,” ಎಂದಳು ಶಿವಗಂಗಮ್ಮ. “ಕೂತ್ಕೊ ಬಾರೆ. ನಾನೇ ಮೊದ್ಲು.”