ಸಿದ್ದಪ್ಪಜ್ಜನ ಖಾಲಿ ಹೊಟ್ಟೆ

ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನಾನು ವಾರ್ಡಿನ ಸೀನಿಯರ್ ಸಿಸ್ಟರ್ ಆದ ದಿನ ಕಿರಿಯ ನರ್ಸ್‌ಗಳನ್ನೆಲ್ಲ ನಿಲ್ಲಿಸಿ ಭಾಷಣ ಬಿಗಿದೆ. "ಪೇಷೆಂಟಿಗೆ ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ನಮ್ದು. ಬಿಡಿಸಿ ಹೇಳ್ಬೇಕು!"

ಅಂದೇ ಅಜ್ಜಂಪುರದ ಕಡೆಯ ಸಿದ್ದಪ್ಪಜ್ಜ ಹರ್ನಿಯಾ ಆಪರೇಷನ್ನಿಗೆ ಸೇರಿದರು. ಶಿವಮೊಗ್ಗದಿಂದ ಸರ್ಜನ್ ಬರುವುದು ಗುರುವಾರ ಮಾತ್ರ. ಹೊಟ್ಟೆ ಖಾಲಿಯಿಲ್ಲದೆ ಅರಿವಳಿಕೆ ಕೊಟ್ಟರೆ ಜೀವಕ್ಕೇ ಅಪಾಯ. ಆದ್ದರಿಂದ ಬುಧವಾರ ಸಂಜೆ ನಾನೇ ಖುದ್ದಾಗಿ ಹೇಳಿದೆ: "ಅಜ್ಜಾ, ನಾಳೆ ಆಪರೇಷನ್ ಆಗೋವರ್ಗೂ ಊಟ ಮಾಡ್ಬೇಡಿ."

ಬೆಳಿಗ್ಗೆ ನೋಡಿದರೆ ಅಜ್ಜ ಬೆರಳಿಗಂಟಿದ ಚಟ್ನಿ ನೆಕ್ಕುತ್ತಿದ್ದರು!

"ಊಟ ಬೇಡ ಅಂದಿರ್ಲಿಲ್ವೇನಜ್ಜಾ?"

"ಊಟ ಎಲ್ಲಿ ಮಾಡ್ದೆ ಕಣವ್ವ? ತಿಂಡಿ ತಿಂದೆ ಅಷ್ಟೆ."

ಸರ್ಜನ್ ನನ್ನನ್ನೊಮ್ಮೆ ನೋಡಿ, ಆಪರೇಷನ್ ಮುಂದೂಡಿ ವಾಪಸು ಹೋದರು. ಮುಂದಿನ ಬುಧವಾರ ಅಜ್ಜ ಮತ್ತೆ ಬಂದರು. ಈ ಸಲ ನಾನು ಕಾನೂನು ತಿದ್ದುಪಡಿ ಮಾಡಿದೆ. "ಊಟಾನೂ ಇಲ್ಲ, ತಿಂಡೀನೂ ಇಲ್ಲ. ಏನೂ ತಿನ್ನಂಗಿಲ್ಲ!"

ಬೆಳಿಗ್ಗೆ ಮಂಚದ ಕೆಳಗೆ ಅಂಬಲಿಯ ಚೊಂಬು ಸಿಕ್ಕಿತು. "ತಿನ್ಲಿಲ್ಲ ಕಣವ್ವ, ಕುಡ್ದೆ," ಎಂದರು ಅಜ್ಜ. ಅವರ ಹೆಂಡತಿ ಗೌರಜ್ಜಿ ಸಾಕ್ಷಿ ನುಡಿದರು: "ಒಂದು ಅಗುಳೂ ಮುಟ್ಟಿಲ್ಲ ಕಣ್ರೀ, ನಾನೇ ಕುಡ್ಸಿದ್ದು!"

ಸರ್ಜನ್ ಈ ಸಲ ಬಾಯಿಬಿಟ್ಟರು. "ಸಿಸ್ಟರ್, ಇನ್ನೊಂದ್ಸಲ ಹೀಗಾದ್ರೆ ಈ ಕೇಸು ನಾನು ಮುಟ್ಟಲ್ಲ." ಪಾಪ, ಅಜ್ಜ ನೋವಿನಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡೇ ಬಸ್ಸು ಹತ್ತಿದರು.

ಮೂರನೆಯ ಸಲ ತಿನ್ನುವುದು, ಕುಡಿಯುವುದು, ಬಾಯಾಡಿಸುವುದು ಎಲ್ಲವನ್ನೂ ನಿಷೇಧಿಸಿದೆ. ಅಜ್ಜ ಒಂದೇ ಷರತ್ತು ಹಾಕಿದರು. "ನೀನೂ ಬಿಟ್ರೆ ನಾನೂ ಬಿಡ್ತೀನಿ."

ಒಪ್ಪಿಕೊಂಡೆ! ರಾತ್ರಿಯ ಊಟವನ್ನೂ ಬಿಟ್ಟು, ಬೆಳಗಿನಿಂದ ಅವರ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತೆ. ಸರ್ಜನ್ ಬಂದಾಗ ಮಧ್ಯಾಹ್ನ ದಾಟಿತ್ತು. ಥಿಯೇಟರ್ ಬಾಗಿಲಲ್ಲಿ ಎದೆಯುಬ್ಬಿಸಿ ವರದಿ ಒಪ್ಪಿಸಿದೆ: "ಸರ್, ಹೊಟ್ಟೆ ಪೂರ್ತಿ ಖಾಲಿ!"

ಯಾರದ್ದು ಎಂದು ಹೇಳುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ.

ಅಜ್ಜನಿಗೆಂದು ತಂದ ಸ್ಟ್ರೆಚರ್ ಮೇಲೆ ನನ್ನನ್ನು ಹೊತ್ತೊಯ್ದರಂತೆ. ಅಜ್ಜ ತಮ್ಮ ಕೇಸ್‌ಶೀಟನ್ನು ತಾವೇ ಹಿಡಿದು ಥಿಯೇಟರಿಗೆ ನಡೆದುಕೊಂಡು ಹೋದರಂತೆ. ಆಪರೇಷನ್ ಸಲೀಸಾಗಿ ಆಯಿತು. ಅದೊಂದು ಸಮಾಧಾನ.

ಸಂಜೆ ರೌಂಡ್ಸಿಗೆ ಬಂದ ಸರ್ಜನ್, ಅಜ್ಜನ ಪಕ್ಕದ ಮಂಚದಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ನನ್ನ ಕೇಸ್‌ಶೀಟ್ ಓದಿ ಬೆರಗಾದರು. "ಇವ್ರ್ಯಾಕೆ ಏನೂ ತಿಂದಿಲ್ಲ?"

ಅಜ್ಜ ಮರುಕದಿಂದ ಹೇಳಿದರು: "ಪಾಪ, ಆಪರೇಷನ್ನು ನಂಗೆ ಅಂತ ಅವ್ವಂಗೆ ಯಾರೂ ಸರ್ಯಾಗಿ ಹೇಳಿಲ್ಲ ಕಣ್ರೀ ಸಾರ್!"

ನಾನು ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡೆ.