ಎರಡಕ್ಷರದ ಅವಾಂತರ

ವಿಜಯನಗರದ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್ ಆಗಿದ್ದೇನೆ. ನಮಗೆ ಯಾವುದನ್ನೂ ಪೂರ್ತಿ ಹೇಳಲು ಪುರುಸೊತ್ತಿಲ್ಲ. ಎಲ್ಲಕ್ಕೂ ಎರಡೆರಡು ಇಂಗ್ಲಿಷ್ ಅಕ್ಷರ. ನಾವು ಹೇಳುವುದೊಂದು, ಬಂದವರಿಗೆ ಕೇಳುವುದು ಇನ್ನೊಂದು. ವಾರಕ್ಕೊಮ್ಮೆಯಾದರೂ ಇಂಥದ್ದು ನಡೆಯದಿದ್ದರೆ ಡ್ಯೂಟಿ ಮಾಡಿದ ಹಾಗೇ ಅನಿಸುವುದಿಲ್ಲ.

ಓಟಿ

ಬಿನ್ನಿಪೇಟೆಯ ಅಜ್ಜಿಯೊಬ್ಬರು ಕಾದು ಕೂತಿದ್ದರು. "ಡಾಕ್ಟ್ರು ಓಟೀಲಿದಾರೆ ಅಜ್ಜಿ, ಲೇಟಾಗುತ್ತೆ" ಅಂದೆ. ಆಪರೇಷನ್ ಥಿಯೇಟರ್ ಅಂತ ನನ್ನ ಅರ್ಥ.

ಅಜ್ಜಿ ಲೊಚಗುಟ್ಟಿದರು. "ನಮ್ಮೆಜಮಾನ್ರೂ ಶಿಫ್ಟ್ ಮುಗಿದ್ಮೇಲೆ ಓಟಿ ಮಾಡಿ ಮಾಡೀನೇ ಸವೆದೋದ್ರು. ಇಷ್ಟೆಲ್ಲ ಓದಿದೋರಿಗೂ ಓಟಿ ಹಾಕ್ತಾರಾ ತಾಯಿ?"

ಡಾಕ್ಟರು ಹೊರಗೆ ಬಂದ ಕೂಡಲೇ ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, "ಮೊದ್ಲು ಕುಡಿಯಪ್ಪ. ಹಿಂಗೆ ಓಟಿ ಮಾಡಿದ್ರೆ ಹೆಂಡ್ತಿ ಬೈಯಲ್ವಾ?" ಎಂದರು.

ಬೆಳಗಿನಿಂದ ಏನೂ ಕುಡಿಯದ ಡಾಕ್ಟರು ಕಾಫಿ ಮುಗಿಸಿ ಕೈ ಮುಗಿದು, "ದಿನಾ ಬೈತಾಳೆ ಅಜ್ಜಿ" ಅಂದರು.

ಟಿಟಿ

ನಾಗರಬಾವಿಯ ಕಾಲೇಜು ಹುಡುಗಿ. ಕಾಲಿಗೆ ಮೊಳೆ ಚುಚ್ಚಿತ್ತು.

"ಟಿಟಿ ಆಗಿದ್ಯೇನಮ್ಮಾ?" ನಾನು ಕೇಳಿದ್ದು ಧನುರ್ವಾಯು ಬರದಂತೆ ಕೊಡುವ ಇಂಜೆಕ್ಷನ್.

"ನಿನ್ನೇನೇ ಆಯ್ತು ಸಿಸ್ಟರ್."

"ಎಲ್ಲಿ?"

"ಬಸವೇಶ್ವರನಗರದಲ್ಲಿ. ಹನ್ನೆರಡು ಸೀಟಿಂದು, ಎಸಿ ಇದೆ."

ಅವಳು ಹೇಳಿದ್ದು ಪ್ರವಾಸಕ್ಕೆ ಗೊತ್ತು ಮಾಡಿದ ಟೆಂಪೋ ಟ್ರಾವೆಲರ್!

"ನಮ್ದು ನಾನ್ ಎಸಿ ಕಣಮ್ಮ, ತೋಳು ಕೊಡು" ಎಂದು ಚುಚ್ಚಿದೆ.

ಸಿಟಿ

ಇದನ್ನು ನೆನೆದರೆ ಈಗಲೂ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ನಗು ಬರುತ್ತದೆ.

ಕೆಂಗೇರಿಯ ತಾತ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡು ಹೆಂಡತಿ ಜೊತೆ ಬಂದಿದ್ದರು. ನೋವು ಕಮ್ಮಿಯಾಗಿರಲಿಲ್ಲ. ಡಾಕ್ಟರು ಎದುರುಗಡೆಯ ಸ್ಕ್ಯಾನಿಂಗ್ ಸೆಂಟರಿಗೆ ಚೀಟಿ ಬರೆದರು. ನಾನು ಚೀಟಿ ಕೊಟ್ಟು, "ಬೇಗ ಸಿಟಿಗೆ ಹೋಗ್ಬನ್ನಿ ತಾತ" ಅಂದೆ.

ಒಂದು ಗಂಟೆಯಾಯಿತು, ಎರಡಾಯಿತು. ಸೆಂಟರಿಗೆ ಓಡಿದೆ. "ಅಂಥವ್ರು ಯಾರೂ ಬಂದಿಲ್ಲ ಸಿಸ್ಟರ್" ಅಂದರು. ಅವರ ಫೋನೂ ಮನೆಯಲ್ಲೇ ಉಳಿದಿತ್ತು. ತಲೆ ಸುತ್ತಿ ಎಲ್ಲಿ ಬಿದ್ದರೋ ಎಂದು ಡಾಕ್ಟರ ಹತ್ತಿರ ಓಡಿ ಬಂದೆ.

"ಸ್ಕ್ಯಾನ್ ಅಂತ ಬಾಯಿಬಿಟ್ಟು ಹೇಳಿದ್ರಾ?" ಡಾಕ್ಟರು ಕೇಳಿದರು. "ಬರೀ ಸಿಟಿ ಅಂದ್ಬಿಟ್ಟೆ ಸರ್" ಅಂದೆ. ಪುಣ್ಯಾತ್ಮರು ಒಂದು ಮಾತೂ ಬೈಯದೆ, ನನ್ನ ಜೊತೆ ಬೀದಿಗಿಳಿದು ಹುಡುಕಿದರು.

ಮೂರನೇ ಗಂಟೆಗೆ ಇಬ್ಬರೂ ನಗುನಗುತ್ತಾ ಬಂದರು. ಕೈಯಲ್ಲಿ ಚೀಲ.

"ಎಲ್ಲಿ ಹೋಗಿದ್ರಿ ತಾತ?"

"ನೀವೇ ಕಳಿಸಿದ್ರಲ್ಲಮ್ಮಾ! ಮೆಟ್ರೋ ಹತ್ತಿ ಸಿಟಿಗೆ ಹೋಗಿ, ಮಾರ್ಕೆಟ್ ಸುತ್ತಿ ಬಂದ್ವಿ. ಇವಳನ್ನ ಕರ್ಕೊಂಡೋಗಿ ಎಷ್ಟು ವರ್ಷ ಆಗಿತ್ತೋ" ಎಂದು ಹೆಂಡತಿಯ ಕಡೆ ನೋಡಿದರು. ಆಕೆ ಚೀಲದಿಂದ ನನಗೊಂದು ಮೊಳ ಮಲ್ಲಿಗೆ ತೆಗೆದುಕೊಟ್ಟರು. ನನಗೆ ಅಳು ಬಂದುಬಿಟ್ಟಿತು.

ತಾತನ ಕೈ ಹಿಡಿದು ನಾನೇ ರಸ್ತೆ ದಾಟಿಸಿ ಸ್ಕ್ಯಾನ್ ಮಾಡಿಸಿದೆ. ದೇವರು ದೊಡ್ಡವನು, ಒಳಗೆ ಏನೂ ಆಗಿರಲಿಲ್ಲ.

"ಈ ಎರಡನೇ ಸಿಟಿ ಸುಮ್ನೆ ದಂಡ ಕಣಮ್ಮ" ಎಂದರು ತಾತ. "ತಲೆನೋವು ಮೊದಲ್ನೇ ಸಿಟೀಲೇ ಬಿಟ್ಟೋಗಿತ್ತು!"