ದೊಡ್ಡಮ್ಮನ ಇಪ್ಪತ್ತಮೂರು ತಪ್ಪುಗಳು

ಎಣಿಸುವುದೂ ಒಂದು ಚಟವೆಂದು ಯಾರೂ ಒಪ್ಪುವುದಿಲ್ಲ. ಎಲೆಯಡಿಕೆ ಜಗಿಯುವವರಿಗೆ ಬುದ್ಧಿ ಹೇಳಲು ಹತ್ತು ಜನ ಬರುತ್ತಾರೆ. ಮೆಟ್ಟಿಲು ಹತ್ತುವಾಗ ಮೆಟ್ಟಿಲು ಎಣಿಸುವವಳನ್ನು ಮಾತ್ರ ಶಿಸ್ತಿನ ಹುಡುಗಿ ಎಂದು ಹೊಗಳುತ್ತಾರೆ. ಆ ಹೊಗಳಿಕೆಯಿಂದಲೇ ನಾನು ಕೆಟ್ಟದ್ದು. ಏಳನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಅದನ್ನು ಕದ್ದು ಓದಿದವರಿಗೆ ನಿರಾಸೆ ಖಂಡಿತ. ಪುತ್ತೂರಿನಿಂದ ಹೊರಡುವ ಬಸ್ಸಿನಲ್ಲಿ ಕಳೆದ ವರ್ಷ ಕಿಟಕಿಯ ಸೀಟು ಸಿಕ್ಕಿದ್ದು ಎಂಬತ್ತೊಂದು ಸಲ, ಅಮ್ಮ ಸಾರಿಗೆ ಉಪ್ಪು ಮರೆತದ್ದು ಆರು ಸಲ (ಅಮ್ಮನ ಪ್ರಕಾರ ಎರಡು), ಇಂಥವೇ ಅದರಲ್ಲಿರುವುದು. ಕಡಬದ ಒಂದು ಕಚೇರಿಯಲ್ಲಿ ಹಳೆಯ ಕಡತಗಳಿಗೆ ನಂಬರು ಹಾಕಿ ಕಪಾಟಿನಲ್ಲಿ ಜೋಡಿಸುವುದು ನನ್ನ ಉದ್ಯೋಗ. ಚಟವನ್ನೇ ಕೆಲಸವಾಗಿ ಕೊಟ್ಟ ಮೇಲೆ ಮನುಷ್ಯ ಸುಧಾರಿಸುವುದು ಹೇಗೆ?

ಇಂಥವಳ ಕೈಗೆ ಒಂದು ಎಂಪಿತ್ರೀ ಪ್ಲೇಯರ್ ಸಿಕ್ಕಿತು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ ಇಪ್ಪತ್ತು ನಿಮಿಷ ಬಿಡುವಿರುತ್ತದೆ. ಆ ಹೊತ್ತಿಗೆ ನಾನು ಕೂರುವುದು ಹಮೀದಾಕನ ವಾಚ್ ರಿಪೇರಿ ಅಂಗಡಿಯಲ್ಲಿ. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಒಂದು ದಿನ ಡ್ರಾಯರ್ ಖಾಲಿ ಮಾಡುವಾಗ ಹೆಬ್ಬೆರಳಿನಷ್ಟು ದೊಡ್ಡ ನೀಲಿ ವಸ್ತುವೊಂದು ಕೆಳಗೆ ಬಿತ್ತು. "ಇದು ಎಂತ ಹಮೀದಾಕ?" ಎಂದೆ. ಅವರು ಅದನ್ನು ಅಂಗಿಗೆ ಒರೆಸಿ ನಿಟ್ಟುಸಿರು ಬಿಟ್ಟರು. "ಮೋಳೇ, ನಾನು ಇದನ್ನು ತಂದಾಗ ಇಡೀ ಪೇಟೆಯಲ್ಲಿ ನನ್ನ ಹತ್ತಿರ ಮಾತ್ರ ಇದ್ದದ್ದು. ಮದುಮಗಳನ್ನು ನೋಡ್ಲಿಕ್ಕೆ ಬಂದ ಹಾಗೆ ಜನ ಬರ್ತಿದ್ದರು. ಈಗ ನೋಡ್ಲಿಕ್ಕೆ ಬಂದದ್ದು ನೀನೊಬ್ಬಳು. ತಗೊಂಡು ಹೋಗು." ಸಪೂರದ ಒಂದು ಸೆಲ್ಲು ಹಾಕಿದರೆ ಅದಿನ್ನೂ ಹಾಡುತ್ತಿತ್ತು! ಅದರ ಹೊಟ್ಟೆಗೆ ಹಿಡಿಸುವುದು ನೂರ ಇಪ್ಪತ್ತೆಂಟು ಎಂಬಿ, ಅಂದರೆ ನನ್ನ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಹಾಡು. ಮೂವತ್ತನೆಯದು ಬೇಕಾದರೆ ಒಂದನ್ನು ಹೊರಗೆ ಹಾಕಬೇಕು. ಯಾವುದನ್ನು ಹಾಕುವುದು ಎಂದು ತೀರ್ಮಾನಿಸಲು ನಾನು ಎರಡು ತಿಂಗಳು ಪಟ್ಟಿ ಮಾಡಿದೆ. ಆ ಪಟ್ಟಿ ಮಾಡುತ್ತಾ ಹಾಡು ಕೇಳುವುದು ಮರೆತುಹೋಗುತ್ತಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. "ಮೊಬೈಲಿನಲ್ಲಿ ಎಲ್ಲ ಬರ್ತದಲ್ಲ ಮಾರಾಯ್ತಿ, ಈ ಬೀಡಿಕಟ್ಟು ಯಾಕೆ ನಿನಗೆ?" ಎಂದು ಬಸ್ಸಿನ ಗೆಳತಿಯರು ಕೇಳುತ್ತಿದ್ದರು. ಮೊಬೈಲಿನಲ್ಲಿ ಹಾಡಿಗೆ ಕೊನೆಯೇ ಇಲ್ಲ. ಕೊನೆಯಿಲ್ಲದ್ದನ್ನು ಎಣಿಸುವುದು ಹೇಗೆ ಎಂದು ಅವರಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ.

ಪ್ಲೇಯರಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇತ್ತು. ಒತ್ತಿ ಹಿಡಿದರೆ ಎದುರಿನ ಧ್ವನಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಅದು ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಬೆಟ್ಟಂಪಾಡಿಯ ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮದುವೆಯಲ್ಲಿ ಮದುಮಕ್ಕಳನ್ನು ಹಸೆಮಣೆಗೆ ಕರೆಯುವಾಗ ಹೆಂಗಸರು ಹಾಡುವುದುಂಟಲ್ಲ, ಆ ಹಾಡಿಗೆ ನಮ್ಮ ಕಡೆ ದೊಡ್ಡಮ್ಮನೇ ಆಗಬೇಕು. ಮದುವೆಯ ಕಾಗದ ಕೊಡುವವರು ಪುರೋಹಿತರ ಮನೆಯ ನಂತರ ಹೋಗುವುದು ಅವಳ ಮನೆಗೆ. ಮೈಕು ಕೊಟ್ಟರೆ ದೂರ ತಳ್ಳುತ್ತಾಳೆ. ಸೆರಗು ಸಿಕ್ಕಿಸಿಕೊಂಡು, ಗೋಡೆಗೆ ಒರಗಿ, ಕಣ್ಣು ಮಾತ್ರ ಮದುಮಗಳ ಮೇಲಿಟ್ಟು ಶುರು ಮಾಡಿದರೆ ಊಟದ ಚಪ್ಪರದಲ್ಲಿ ಬಾಳೆ ಎಲೆ ಹಾಕುತ್ತಿರುವವರೂ ಕೈ ನಿಲ್ಲಿಸಬೇಕು. ಪುತ್ತೂರು, ಸುಳ್ಯ, ಕಡಬ, ಹೀಗೆ ಮೂರು ಮದುವೆಗಳಲ್ಲಿ ನಾನು ಪ್ಲೇಯರನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡು ಅವಳ ಪಕ್ಕದಲ್ಲೇ ಕೂತು ಆ ಹಾಡನ್ನು ಹಿಡಿದೆ. ಅದಕ್ಕೆಂದು ಎಂಟು ಸಿನಿಮಾ ಹಾಡುಗಳನ್ನು ಹೊರಗೆ ಹಾಕಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಹಿಡಿದದ್ದನ್ನು ಸುಮ್ಮನೆ ಕೇಳಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಇರಲಿಲ್ಲ. ಆದರೆ ಬಸ್ಸಿನಲ್ಲಿ ಕೂತು ಮೂರನ್ನೂ ಹೋಲಿಸಿದೆ. ಪುತ್ತೂರಿನಲ್ಲಿ ಹದಿನಾಲ್ಕು ನುಡಿ, ಸುಳ್ಯದಲ್ಲಿ ಹದಿನೇಳು, ಕಡಬದಲ್ಲಿ ಹನ್ನೆರಡು. ಒಂದೇ ಹಾಡಿಗೆ ಹೀಗೆ ಮೂರು ಅಳತೆ ಇದ್ದರೆ ಕಡತ ಜೋಡಿಸುವವಳಿಗೆ ನಿದ್ದೆ ಬಂದೀತೇ? ಮೂರರಲ್ಲೂ ಸಮಾನವಾಗಿ ಬರುವ ಒಂಬತ್ತು ನುಡಿಗಳನ್ನು ಮೂಲ ಎಂದು ತೀರ್ಮಾನಿಸಿದೆ. ಉಳಿದ ಹದಿನಾರು ನುಡಿಗಳು ಹೆಚ್ಚುವರಿ. ಏಳು ಕಡೆ ಪದ ವ್ಯತ್ಯಾಸ. ಒಟ್ಟು ಇಪ್ಪತ್ತಮೂರು ತಪ್ಪು. ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದು, ಮುಂದಿನ ಆದಿತ್ಯವಾರ ಬೆಟ್ಟಂಪಾಡಿಗೆ ತೆಗೆದುಕೊಂಡು ಹೋದೆ. ಉಡುಗೊರೆ ಕೊಡುವವಳಂತೆ ಹೋದೆ ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ದೊಡ್ಡಮ್ಮ ಹಲಸಿನ ಬೀಜ ಸುಲಿಯುತ್ತಿದ್ದಳು. ಮೊದಲು ಪ್ಲೇಯರಿನ ಇಯರ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದೆ. "ಅಯ್ಯೋ ದೇವರೇ, ಇದು ನಾನಾ? ನನ್ನ ಸ್ವರ ಇಷ್ಟು ದಪ್ಪ ಉಂಟಾ?" ಎಂದು ನಕ್ಕಳು. ಆಮೇಲೆ ನಾನು ಪಟ್ಟಿ ಓದಿದೆ. ಒಂದರಿಂದ ಇಪ್ಪತ್ತಮೂರರವರೆಗೆ, ಯಾವ ಮದುವೆ, ಎಷ್ಟನೇ ನುಡಿ, ಎಲ್ಲ. ಹತ್ತು ದಾಟುವಾಗ ಅವಳ ಕೈ ನಿಂತಿತು. "ಇಷ್ಟು ತಪ್ಪು ಹೇಳಿದ್ದೇನಾ ಮಗಾ? ನಾಲ್ಕು ಜನರ ಎದುರು?" ಎಂದಳು. ನಾನು ಧೈರ್ಯ ತುಂಬಿದೆ. "ಬೇಜಾರು ಮಾಡ್ಬೇಡಿ ದೊಡ್ಡಮ್ಮ, ಇದನ್ನು ನೋಡಿ ಅಭ್ಯಾಸ ಮಾಡಿದರೆ ಸರಿಯಾಗ್ತದೆ." ಅರುವತ್ತೆರಡು ವರ್ಷದ, ನೂರಾರು ಮದುವೆ ಕಂಡ ಹೆಂಗಸಿಗೆ ನಾನು ಹೇಳಿದ ಮಾತು ಇದು. ಆ ದಿನದ ಡೈರಿಯಲ್ಲಿ "ದೊಡ್ಡಮ್ಮನಿಗೆ ಸಹಾಯ ಮಾಡಿದೆ" ಎಂದು ಬರೆದಿದ್ದೇನೆ. ಅಕ್ಷರ ಬಹಳ ದುಂಡಗೆ ಬಂದಿದೆ.

ಮುಂದಿನ ತಿಂಗಳು ಕಲ್ಲುಗುಂಡಿಯಲ್ಲಿ ಒಂದು ಮದುವೆ. ದೊಡ್ಡಮ್ಮ ಶುರು ಮಾಡಿದಳು. ಆದರೆ ಕಣ್ಣು ಮದುಮಗಳ ಮೇಲೆ ಇರಲಿಲ್ಲ, ನನ್ನ ಮೇಲೆ ಇತ್ತು. ನಾಲ್ಕನೇ ನುಡಿಯ ಮಧ್ಯದಲ್ಲಿ ನಿಂತು, ಇಡೀ ಸಭೆಯ ಎದುರು, "ಮುಂದೆ ಎಂತ ಬರುದು?" ಎಂದು ನನ್ನನ್ನು ಕೇಳಿದಳು. ನಾನು ಹೇಳಿಕೊಟ್ಟೆ ಕೂಡ. ಐದಕ್ಕೆ ಕೆಮ್ಮಿದಳು. ಆರಕ್ಕೆ, "ಗಂಟಲು ಸರಿಯಿಲ್ಲ ಮಾರಾಯ್ರೆ" ಎಂದು ಒಳಗೆ ಹೋದಳು. ಆಮೇಲೆ ಬಂದ ಐದು ಮದುವೆಗಳಲ್ಲೂ ಅವಳ ಗಂಟಲು ಸರಿಯಾಗಲಿಲ್ಲ.

ನನಗೆ ಬುದ್ಧಿ ಬಂದದ್ದು ದೊಡ್ಡಮ್ಮನ ಒಬ್ಬಳೇ ಮಗಳು ಸುಮನಾಳಿಂದ. ಅವಳ ಮದುವೆ ಗೊತ್ತಾಗಿತ್ತು. ಸೀರೆಗೆ ಕುಚ್ಚು ಕಟ್ಟಿಸಲು ಇಬ್ಬರೂ ಪುತ್ತೂರು ಪೇಟೆಯಲ್ಲಿ ಅಲೆಯುವಾಗ ಅವಳು ನಿಂತುಬಿಟ್ಟಳು. "ನೀನು ಹೆಚ್ಚುವರಿ ಅಂತ ಬರೆದಿಯಲ್ಲ, ಅದೇ ಹಾಡು ಮಾರಾಯ್ತಿ. ಅಮ್ಮ ಅಲ್ಲಿಯೇ ನಿಂತು ಕಟ್ಟುದು. ಆ ಹುಡುಗಿಯ ಜಡೆ, ಅವಳ ಅಜ್ಜಿ ಹೊಲಿದ ರವಿಕೆ, ಅಪ್ಪನ ಹಳೆ ಜೀಪು, ಎಲ್ಲ ನೋಡಿ ಕಟ್ಟುದು. ಊರಿನ ಹುಡುಗಿಯರಿಗೆಲ್ಲ ಹಾಗೆ ಕಟ್ಟಿ ಹೇಳಿದ್ದಾಳೆ. ಮನೆಯಲ್ಲಿ ನನಗೆ ಬೈಗುಳ ಬಿಟ್ಟು ಬೇರೆ ಹೇಳಿದ್ದಿಲ್ಲ. ನನ್ನ ಹಸೆಗೆ ಎಂತ ಹೇಳ್ತಾಳೆ ಅಂತ ನಾನು ಸಣ್ಣಂದಿನಿಂದ ಕಾಯ್ತಾ ಇದ್ದದ್ದು. ಈಗ ಅದೂ ಇಲ್ಲ."

ನಾನು ಅಂದೇ ಬೆಟ್ಟಂಪಾಡಿಗೆ ಓಡಿದೆ. ಪಟ್ಟಿಯನ್ನು ದೊಡ್ಡಮ್ಮನ ಎದುರೇ ಹರಿದೆ. "ತಪ್ಪು ನನ್ನದು, ಅವು ತಪ್ಪೇ ಅಲ್ಲ" ಎಂದೆ. ಅವಳು ಹರಿದ ಚೂರುಗಳನ್ನು ಹೆಕ್ಕಿ ಕೈಗೆ ಕೊಟ್ಟಳು. "ಕಲಿತ ಮಕ್ಕಳು ನೀವು, ಸುಮ್ಮನೆ ಬರೀತೀರಾ? ಅದಲ್ಲದೆ ಮಗಳ ಮದುವೆಯಲ್ಲೇ ನಾನು ತಪ್ಪು ಹಾಡಿದರೆ ಗಂಡಿನ ಕಡೆಯವರು ಎಂತ ಎಣಿಸಿಯಾರು? ನಿನ್ನ ಆ ಡಬ್ಬಿಯಲ್ಲಿ ಸರಿಯಾದ್ದು ಉಂಟಲ್ಲ, ಅದನ್ನೇ ಹಾಕು." ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು. ಅವಳು ಅದನ್ನು ನನ್ನ ಮೇಲಿನ ನಂಬಿಕೆಯಿಂದ ಹೇಳಿದಳು.

ಹಾಕಿದೆ. ಮೂರರಲ್ಲಿ ಸುಳ್ಯದ್ದನ್ನು ಆರಿಸಿದೆ, ಯಾಕೆಂದರೆ ಪುತ್ತೂರಿನದ್ದರಲ್ಲಿ ಒಂದು ಮಗು ನಾಲ್ಕು ಸಲ ಅಳುತ್ತದೆ, ಕಡಬದ್ದರಲ್ಲಿ ಯಾರೋ ಎರಡು ಸಲ ಕಾಫಿ ಕೇಳುತ್ತಾರೆ. ಸುಳ್ಯದ್ದು ಸ್ವಚ್ಛ. ಮದುವೆಯ ದಿನ ಮೈಕಿನವನಿಂದ ವಯರು ಕೇಳಿ ಪ್ಲೇಯರಿಗೆ ಸಿಕ್ಕಿಸಿ, ಹೊಸ ಸೆಲ್ಲು ಹಾಕಿ ಸಿದ್ಧಳಾಗಿ ನಿಂತೆ. ಸುಮನಾ ಹಸೆಯ ಕಡೆ ನಡೆದು ಬಂದಳು. ದೊಡ್ಡಮ್ಮನ ಸ್ವರ ಲೌಡ್‌ಸ್ಪೀಕರಿನಿಂದ ಇಡೀ ಮದುವೆ ಹಾಲಿನಲ್ಲಿ ತುಂಬಿತು. ದೊಡ್ಡಮ್ಮ ಗೋಡೆಯ ಹತ್ತಿರ ಬಾಯಿ ಮುಚ್ಚಿ ನಿಂತಿದ್ದಳು. ನುಡಿ ಹದಿನೈದರಲ್ಲಿ ಸುಳ್ಯದ ಮದುಮಗಳ ಮೊಣಕಾಲು ಮುಟ್ಟುವ ಜಡೆ ಬಂತು. ಸುಮನಾಳ ಕೂದಲು ಭುಜದವರೆಗೆ ಮಾತ್ರ. ಹಿಂದಿನ ಸಾಲಿನಿಂದ ಯಾರೋ, "ಸುಮನಾ, ಜಡೆ ಎಲ್ಲಿ ಬಿಟ್ಟು ಬಂದೆ?" ಎಂದರು. ಸಭೆಯೆಲ್ಲ ನಕ್ಕಿತು. ಸುಮನಾಳೂ ನಕ್ಕಳು, ನಕ್ಕು ಅಮ್ಮನ ಕಡೆ ತಿರುಗಿದಳು.

ಆಗ ನಾನು ನೋಡಿದೆ. ದೊಡ್ಡಮ್ಮನ ಕಣ್ಣು ಮಗಳ ಮೇಲೆ ನೆಟ್ಟಿತ್ತು. ತುಟಿ ಅಲುಗುತ್ತಿತ್ತು. ಲೌಡ್‌ಸ್ಪೀಕರಿನಲ್ಲಿ ಬರುತ್ತಿದ್ದ ಪದಗಳಿಗೆ ಆ ತುಟಿ ಹೊಂದುತ್ತಿರಲಿಲ್ಲ. ಅವಳು ಬೇರೇನನ್ನೋ ಹಾಡುತ್ತಿದ್ದಳು. ಸುಮನಾ ಕತ್ತು ಮುಂದೆ ಚಾಚಿದಳು, ಆದರೆ ಅವಳಮ್ಮನ ಸ್ವರವನ್ನು ಅವಳಮ್ಮನದೇ ಸ್ವರ ಮುಚ್ಚಿಹಾಕಿತ್ತು.

ಸಂಜೆ ಸುಮನಾ ಹೊರಡುವ ಮೊದಲು ನನ್ನ ಕೈ ಹಿಡಿದು, "ಅಮ್ಮ ಎಂತ ಹೇಳಿದ್ದು? ನೀನು ಹತ್ತಿರ ಇದ್ದೆಯಲ್ಲ?" ಎಂದು ಕೇಳಿದಳು. ಕೇಳಿಸಲಿಲ್ಲ ಎಂದೆ. ದೊಡ್ಡಮ್ಮನನ್ನು ಕೇಳಿದರೆ, "ಎಂತದೂ ಇಲ್ಲ ಮಗಾ, ಅದರ ಒಟ್ಟಿಗೆ ಹೇಳಿ ನೋಡ್ತಾ ಇದ್ದೆ, ತಪ್ಪದ ಹಾಗೆ" ಎಂದಳು.

ಇಷ್ಟೆಲ್ಲ ಹೇಳಿದವಳು ಒಂದನ್ನು ಮಾತ್ರ ಮುಚ್ಚಿಡಬಾರದು. ಅವಳ ತುಟಿ ಅಲುಗುವುದನ್ನು ಕಂಡಾಗ ನನ್ನ ಹೆಬ್ಬೆರಳು ಪ್ಲೇಯರಿನ ನಿಲ್ಲಿಸುವ ಗುಂಡಿಯ ಮೇಲೆಯೇ ಇತ್ತು. ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಇನ್ನು ಎರಡೇ ನುಡಿ ಬಾಕಿ ಇದೆ, ಹದಿನೇಳೂ ಮುಗಿಯಲಿ ಎಂದುಕೊಂಡೆ.